ನ್ಯೂಟನ್ ಸಾಕಾ, ಐನ್‌ಸ್ಟೈನ್ ಬೇಕಾ?

1977ರ ಜೂನ್ 23ರಂದು ಅಮೆರಿಕ ಒಂದು ಉಪಗ್ರಹ ಹಾರಿಸಿತು. ಹೆಸರು ಎನ್‌ಟಿಎಸ್-2. ಇವತ್ತು ಆಟೋ ಕರೆಯೋಕೆ, ಊಟ ತರಿಸೋಕೆ, ದಾರಿ ತಪ್ಪಿದಾಗ ಮನೆ ಸೇರೋಕೆ ನಾವು ನೆಚ್ಚಿಕೊಂಡಿರೋ ಜಿಪಿಎಸ್ ಆಗಿನ್ನೂ ಪ್ರಯೋಗದ ಹಂತದಲ್ಲಿತ್ತು. ಈ ಉಪಗ್ರಹದೊಳಗೆ ಸೀಸಿಯಂ ಪರಮಾಣು ಗಡಿಯಾರ ಇತ್ತು. ಅಂಥ ಗಡಿಯಾರ ಕಕ್ಷೆಗೆ ಹೋಗಿದ್ದು ಅದೇ ಮೊದಲು. ಅದರ ಜೊತೆಗೆ ಇನ್ನೊಂದು ಸಣ್ಣ ಸರ್ಕ್ಯೂಟನ್ನೂ ಕೂರಿಸಿದ್ದರು. ಗಡಿಯಾರದ ವೇಗವನ್ನು ಚೂರೇ ಚೂರು ತಿದ್ದೋದು ಅದರ ಕೆಲಸ. ಉಪಗ್ರಹ ಮೇಲೆ ಹೋದ ಮೇಲೂ ಅದನ್ನು ಆನ್ ಮಾಡಬಹುದಿತ್ತು. ಹಾರಿಸುವಾಗ ಮಾತ್ರ ಅದು ಆಫ್ ಆಗಿತ್ತು.

ಯಾಕೆ ಆಫ್? ಐನ್‌ಸ್ಟೈನ್ ಹೇಳಿದ್ದು ನಿಜವಾದರೆ ಮೇಲಿರೋ ಗಡಿಯಾರ ಕೆಳಗಿನ ಗಡಿಯಾರಕ್ಕಿಂತ ಜೋರಾಗಿ ಓಡಬೇಕು. ಓಡುತ್ತೆ ಅಂತ ಭೌತವಿಜ್ಞಾನಿಗಳು ಹೇಳುತ್ತಿದ್ದರು. ಆದರೆ ಯೋಜನೆಯಲ್ಲಿದ್ದ ಕೆಲವರಿಗೆ ಅನುಮಾನ. ಕಾಗದದ ಮೇಲಿನ ಈ ಲೆಕ್ಕ ನಮ್ಮ ಹಾರ್ಡ್‌ವೇರ್‌ಗೆ ನಿಜಕ್ಕೂ ಬೇಕಾ ಅನ್ನೋ ಪ್ರಶ್ನೆ. ಜಗಳಕ್ಕೆ ಸಿಕ್ಕ ಪರಿಹಾರ ಚೆನ್ನಾಗಿತ್ತು: ತಿದ್ದುಪಡಿಯನ್ನು ಒಳಗೆ ಇಡೋಣ, ಆದರೆ ಆನ್ ಮಾಡೋದು ಬೇಡ. ಮೊದಲು ಅಳೆಯೋಣ, ಆಮೇಲೆ ನೋಡೋಣ. ಇವತ್ತಿನ ನಮ್ಮ ಆಫೀಸ್ ಭಾಷೆಯಲ್ಲಿ ಇದಕ್ಕೆ ಫೀಚರ್ ಫ್ಲ್ಯಾಗ್ ಅಂತಾರೆ. ಸಾಪೇಕ್ಷತಾ ಸಿದ್ಧಾಂತವನ್ನೇ ಒಂದು ಫೀಚರ್ ಫ್ಲ್ಯಾಗ್ ಹಿಂದೆ ಇಟ್ಟು ಪ್ರೊಡಕ್ಷನ್‌ಗೆ ಕಳಿಸಿದ್ದರು!

ಆ ಸ್ವಿಚ್ಚಿನ ಕತೆ ಏನಾಯ್ತು ಅಂತ ಆಮೇಲೆ ಹೇಳ್ತೀನಿ. ಅದಕ್ಕೂ ಮೊದಲು ಅದರ ಹಿಂದಿರೋ ಪ್ರಶ್ನೆ ನೋಡೋಣ. ಚಲನೆ, ದೂರ, ಸಮಯ ಇವುಗಳ ಜೊತೆ ಒಡನಾಡೋ ಸಾಫ್ಟ್‌ವೇರ್ ಬರೆಯೋವಾಗ ಯಾವ ಭೌತಶಾಸ್ತ್ರ ಬಳಸಬೇಕು? ನ್ಯೂಟನ್‌ದು ಸಾಕಾ, ಐನ್‌ಸ್ಟೈನ್‌ದು ಬೇಕಾ? ಈ ಪ್ರಶ್ನೆ ವಿಚಿತ್ರ ಅನ್ನಿಸಬಹುದು. ಐನ್‌ಸ್ಟೈನ್ ಹೆಚ್ಚು ಸರಿ ಅಂತ ಗೊತ್ತಿದ್ದ ಮೇಲೆ ಅದನ್ನೇ ಬಳಸಿದರಾಯ್ತು, ಇದರಲ್ಲಿ ಆಯ್ಕೆ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಕಳೆದ ಅರವತ್ತು ವರ್ಷಗಳ ಇತಿಹಾಸ ನೋಡಿದರೆ ವಿಷಯ ಅಷ್ಟು ಸರಳ ಇಲ್ಲ.

ಎರಡೂ ಕಡೆಯ ವಾದ ಒಂದೊಂದು ಸಾಲಿನಲ್ಲಿ. ನ್ಯೂಟನ್ ಪ್ರಕಾರ ಸಮಯ ಅನ್ನೋದು ಇಡೀ ವಿಶ್ವಕ್ಕೆ ಒಂದೇ. ನೀವು ಓಡ್ತಿರಿ, ಕೂತಿರಿ, ಬೆಟ್ಟದ ಮೇಲಿರಿ, ಬಾವಿಯಲ್ಲಿರಿ, ನಿಮ್ಮ ಗಡಿಯಾರ ನನ್ನ ಗಡಿಯಾರದ ಜೊತೆಗೇ ಟಿಕ್ ಅನ್ನುತ್ತೆ. ಐನ್‌ಸ್ಟೈನ್ ಪ್ರಕಾರ ಹಾಗಲ್ಲ. 1905ರಲ್ಲಿ ಅವರು, ಓಡುತ್ತಿರೋ ಗಡಿಯಾರ ನಿಧಾನ ಅಂದರು. 1915ರ ಹೊತ್ತಿಗೆ ಪೂರ್ತಿಯಾದ ಸಿದ್ಧಾಂತದಲ್ಲಿ, ಗುರುತ್ವಾಕರ್ಷಣೆ ಹೆಚ್ಚಿರೋ ಕಡೆಯೂ ಗಡಿಯಾರ ನಿಧಾನ ಅಂತ ಸೇರಿಸಿದರು. ಅಂದ್ರೆ ನೆಲದಿಂದ ಮೇಲೆ ಹೋದಷ್ಟೂ ಗಡಿಯಾರ ಜೋರು.

ಎಷ್ಟು ಜೋರು, ಎಷ್ಟು ನಿಧಾನ? ಎಲ್ಲ ಇರೋದು ಅಲ್ಲೇ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರೋ ಬೆಂಗಳೂರಿನ ಗಡಿಯಾರ, ಮಂಗಳೂರಿನ ಕಡಲ ತೀರದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 9 ನ್ಯಾನೋಸೆಕೆಂಡ್ ಮುಂದೆ ಓಡುತ್ತೆ. ಇದು ನಿಜ, ಲೆಕ್ಕ ಹಾಕಿ ನೋಡಬಹುದು. ಹಾಗಂತ ಎರಡೂ ಊರಿನಲ್ಲಿ ಸರ್ವರ್ ಇಟ್ಟಿರೋ ಕಂಪನಿ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾ? ಮಾಮೂಲಿ ಕಂಪ್ಯೂಟರಿನ ಕ್ವಾರ್ಟ್ಸ್ ಗಡಿಯಾರ ತನ್ನಷ್ಟಕ್ಕೇ ದಿನಕ್ಕೆ ಅರ್ಧ ಸೆಕೆಂಡ್, ಒಂದು ಸೆಕೆಂಡ್ ಹಿಂದೆ ಮುಂದೆ ಹೋಗಿಬಿಡುತ್ತೆ. ಅರ್ಧ ಸೆಕೆಂಡ್ ಅಂದ್ರೆ 9 ನ್ಯಾನೋಸೆಕೆಂಡಿನ ಐದು ಕೋಟಿ ಪಟ್ಟಿಗೂ ಜಾಸ್ತಿ. ಆನೆ ಓಡಾಡೋ ಮನೆಯಲ್ಲಿ ಇರುವೆಗೆ ಬಾಗಿಲು ಹಾಕಿದ ಹಾಗೆ ಆಗುತ್ತೆ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದವರು ಅಪೋಲೋ ಕಾಲದ ಎಂಜಿನಿಯರ್‌ಗಳು. 1968ರ ಡಿಸೆಂಬರ್‌ನಲ್ಲಿ ಅಪೋಲೋ 8 ಚಂದ್ರನನ್ನು ಸುತ್ತಿ ವಾಪಸ್ ಬರ್ತಿದ್ದಾಗ, ಗಾಡಿ ಓಡಿಸ್ತಿರೋದು ಯಾರು ಅನ್ನೋ ಪ್ರಶ್ನೆ ಬಂತು. ಗಗನಯಾತ್ರಿ ಬಿಲ್ ಆ್ಯಂಡರ್ಸ್, ಸದ್ಯಕ್ಕೆ ಬಹುಪಾಲು ಐಸಾಕ್ ನ್ಯೂಟನ್ ಅವರೇ ಓಡಿಸ್ತಿದ್ದಾರೆ ಅನ್ನೋ ಅರ್ಥದ ಉತ್ತರ ಕೊಟ್ಟರು. ಅದು ತಮಾಷೆ ನಿಜ, ಆದರೆ ನೂರಕ್ಕೆ ನೂರು ತಾಂತ್ರಿಕ ಸತ್ಯ ಕೂಡ. ಅಪೋಲೋ ಗೈಡೆನ್ಸ್ ಕಂಪ್ಯೂಟರ್ ನೌಕೆಯ ದಾರಿ ಲೆಕ್ಕ ಹಾಕ್ತಿದ್ದಿದ್ದು ನ್ಯೂಟನ್ನನ ಸಮೀಕರಣಗಳಿಂದಲೇ.

ಆ ಕಂಪ್ಯೂಟರ್ ಎಷ್ಟು ಸಣ್ಣದು ಗೊತ್ತಾ? ಪ್ರೋಗ್ರಾಂ ಇಡೋಕೆ 36,864 ಪದಗಳ ಸ್ಥಿರ ಮೆಮೊರಿ. ಒಂದೊಂದು ಪದಕ್ಕೆ 15 ಬಿಟ್, ಜೊತೆಗೊಂದು ಪ್ಯಾರಿಟಿ ಬಿಟ್. ಇವತ್ತಿನ ಲೆಕ್ಕದಲ್ಲಿ 72 ಕಿಲೋಬೈಟ್. ಬದಲಾಯಿಸಬಹುದಾದ ಮೆಮೊರಿ ಬರೀ 2,048 ಪದ. ನೀವು ವಾಟ್ಸ್‌ಆ್ಯಪ್‌ನಲ್ಲಿ ಕಳಿಸೋ ಗುಡ್ ಮಾರ್ನಿಂಗ್ ಚಿತ್ರ ಇದಕ್ಕಿಂತ ದೊಡ್ಡದಿರುತ್ತೆ. ನಿಖರತೆ ಬೇಕಾದ ಕಡೆ ಎರಡು ಪದ ಜೋಡಿಸಿ ಒಂದು ಸಂಖ್ಯೆ ಮಾಡ್ತಿದ್ದರು. ಹಾಗೆ ಜೋಡಿಸಿದರೆ ಸಂಖ್ಯೆಗೆ ಸಿಗ್ತಿದ್ದಿದ್ದು 28 ಬಿಟ್. ಅಂದ್ರೆ ಸುಮಾರು 26.8 ಕೋಟಿಯಲ್ಲಿ ಒಂದು ಭಾಗದಷ್ಟು ಸೂಕ್ಷ್ಮತೆ.

ಈಗ ಐನ್‌ಸ್ಟೈನ್ ಕಡೆ ನೋಡಿ. ಚಂದ್ರನಿಂದ ವಾಪಸ್ ಬರೋ ನೌಕೆ ಭೂಮಿ ಹತ್ತಿರ ಬಂದಾಗ ಅದರ ವೇಗ ಸೆಕೆಂಡಿಗೆ 11 ಕಿಲೋಮೀಟರ್. ನಮಗೆ ಅದು ಭಯಂಕರ ವೇಗ, ಬೆಳಕಿನ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಮುಂದೆ ಏನೂ ಅಲ್ಲ. ವೇಗದಿಂದ ಗಡಿಯಾರ ಎಷ್ಟು ನಿಧಾನ ಆಗುತ್ತೆ ಅಂತ ತಿಳಿಯೋಕೆ ಒಂದು ಸುಲಭ ಸೂತ್ರ ಇದೆ: ನಿಮ್ಮ ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿ, ಬಂದಿದ್ದರ ವರ್ಗ ಮಾಡಿ, ಅದರ ಅರ್ಧ ತಗೊಳ್ಳಿ. ಅಪೋಲೋಗೆ ಇದು ಸುಮಾರು 150 ಕೋಟಿಯಲ್ಲಿ ಒಂದು ಭಾಗ ಬರುತ್ತೆ. ಕಂಪ್ಯೂಟರಿನ ಸಂಖ್ಯೆ ಹಿಡಿಯಬಲ್ಲದ್ದು 26.8 ಕೋಟಿಯಲ್ಲಿ ಒಂದು. ಅಂದ್ರೆ ಐನ್‌ಸ್ಟೈನ್ ತಿದ್ದುಪಡಿ ಹಾಕಿದ್ದರೂ ಅದನ್ನು ಬರೆದಿಡೋಕೆ ಆ ಸಂಖ್ಯೆಗಳಲ್ಲಿ ಜಾಗವೇ ಇರಲಿಲ್ಲ. ಎಂಜಿನ್ ಉರಿಸುವಾಗ ಆಗೋ ಚೂರುಪಾರು ಹೆಚ್ಚುಕಮ್ಮಿ ಇದಕ್ಕಿಂತ ಎಷ್ಟೋ ದೊಡ್ಡದು. ಅದನ್ನು ದಾರಿಯಲ್ಲೇ ಅಳೆದು ತಿದ್ದಿಕೊಳ್ಳೋ ವ್ಯವಸ್ಥೆ ಹೇಗೂ ಇತ್ತು. ಹಾಗಾಗಿ ನ್ಯೂಟನ್‌ನನ್ನು ಆರಿಸಿದ್ದು ಸೋಮಾರಿತನ ಅಲ್ಲ, ಅಜ್ಞಾನವೂ ಅಲ್ಲ. ಅದು ಲೆಕ್ಕ ಹಾಕಿ ಮಾಡಿದ ಆಯ್ಕೆ.

'ಈಗ ಕಂಪ್ಯೂಟರ್ ದೊಡ್ಡದಾಗಿದೆ, ಮೆಮೊರಿ ಬೇಕಾದಷ್ಟಿದೆ. ಎಲ್ಲ ಕಡೆ ಐನ್‌ಸ್ಟೈನ್ ಸೂತ್ರವನ್ನೇ ಹಾಕಿಬಿಟ್ಟರೆ ಏನು ನಷ್ಟ?' ಅಂತ ಕೇಳ್ತೀರಾ? ನಷ್ಟ ಇದೆ. ಚಲನಶಕ್ತಿಯ ಲೆಕ್ಕ ತಗೊಳ್ಳಿ. ನ್ಯೂಟನ್ ಸೂತ್ರ ಶಾಲೆಯಲ್ಲಿ ಕಲಿತದ್ದೇ: ದ್ರವ್ಯರಾಶಿ ಗುಣಿಸು ವೇಗದ ವರ್ಗ, ಅದರ ಅರ್ಧ. ಐನ್‌ಸ್ಟೈನ್ ಸೂತ್ರದಲ್ಲಿ ಒಂದಕ್ಕಿಂತ ಒಂಚೂರು ದೊಡ್ಡದಾದ ಒಂದು ಸಂಖ್ಯೆ ಬರುತ್ತೆ, ಅದರಿಂದ ಒಂದನ್ನು ಕಳೆದು, ಉಳಿದಿದ್ದನ್ನು ಮುಂದಕ್ಕೆ ಗುಣಿಸಬೇಕು. ಇದನ್ನು ಹಾಗೇ ಕೋಡ್‌ನಲ್ಲಿ ಬರೆದು, ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಕಬ್ಬನ್ ಪಾರ್ಕಿನಲ್ಲಿ ವಾಕ್ ಮಾಡ್ತಿರೋ ಒಬ್ಬರ ಚಲನಶಕ್ತಿ ಕೇಳಿ. ಉತ್ತರ ಸೊನ್ನೆ ಬರುತ್ತೆ! ನಾವು ದಿನಾ ಬಳಸೋ 64 ಬಿಟ್ ಡಬಲ್ ಸಂಖ್ಯೆ ಹದಿನೈದು ಹದಿನಾರು ಅಂಕಿಗಳಷ್ಟು ಮಾತ್ರ ನೆನಪಿಟ್ಟುಕೊಳ್ಳುತ್ತೆ. ನಡೆಯೋ ಮನುಷ್ಯನ ವಿಷಯದಲ್ಲಿ ವ್ಯತ್ಯಾಸ ಶುರುವಾಗೋದೇ ಹದಿನೇಳನೇ ದಶಮಾಂಶದಲ್ಲಿ. ಕಂಪ್ಯೂಟರ್ ಅದನ್ನು ಒಂದು ಅಂತಲೇ ದುಂಡಗೆ ಮಾಡುತ್ತೆ, ಒಂದರಲ್ಲಿ ಒಂದು ಕಳೆದರೆ ಸೊನ್ನೆ. ಹೆಚ್ಚು ಸತ್ಯವಾದ ಸಿದ್ಧಾಂತ, ಪೂರ್ತಿ ತಪ್ಪಾದ ಉತ್ತರ. ಸೂತ್ರವನ್ನು ಬೇರೆ ರೀತಿ ಬರೆದು ಇದನ್ನು ತಪ್ಪಿಸಬಹುದು, ನಿಜ. ಆದರೆ ಹಾಗೆ ಬರೀಬೇಕು ಅಂತ ಗೊತ್ತಿರಬೇಕಲ್ಲ. ಮೊಬೈಲ್ ಗೇಮ್‌ಗಳ ಫಿಸಿಕ್ಸ್ ಎಂಜಿನ್‌ಗಳೆಲ್ಲ ನ್ಯೂಟನ್‌ಗೇ ಅಂಟಿಕೊಂಡಿರೋದು ಸುಮ್ಮನೆ ಅಲ್ಲ. ಹಕ್ಕಿಯನ್ನು ಕವಣೆಯಿಂದ ಬಿಟ್ಟು ಹಂದಿಗೆ ಹೊಡೆಯೋಕೆ ಬೆಳಕಿನ ವೇಗ ಬೇಕಾಗಿಲ್ಲ.

ಹಾಗಾದ್ರೆ ಐನ್‌ಸ್ಟೈನ್ ಸಾಫ್ಟ್‌ವೇರ್‌ಗೆ ಕಾಲಿಟ್ಟಿದ್ದು ಯಾವಾಗ? ಮಜಾ ಅಂದ್ರೆ, ಅಪೋಲೋ ನಡೀತಿದ್ದ ಕಾಲದಲ್ಲೇ, ಅದೇ ದೇಶದಲ್ಲೇ. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಬೇರೆ ಗ್ರಹಗಳಿಗೆ ನೌಕೆ ಕಳಿಸ್ತಿದ್ದರು. ಅವರ ಕಕ್ಷೆ ಲೆಕ್ಕದ ಪ್ರೋಗ್ರಾಂನ ಗಣಿತವನ್ನು ಥಿಯೊಡೋರ್ ಮೋಯರ್ ಅನ್ನೋರು 1971ರ ಒಂದು ವರದಿಯಲ್ಲಿ ಬರೆದಿಟ್ಟರು. ಅದರಲ್ಲಿ ಸಾಪೇಕ್ಷತೆಯ ಪದಗಳು ಇದ್ದವು. ಯಾಕಂದ್ರೆ ಅವರು ಅಳೀತಿದ್ದ ರೀತಿ ಬೇರೆ. ಕೋಟಿಗಟ್ಟಲೆ ಕಿಲೋಮೀಟರ್ ದೂರದ ನೌಕೆಗೆ ರೇಡಿಯೋ ಅಲೆ ಕಳಿಸಿ, ಅದು ವಾಪಸ್ ಬರೋಕೆ ಎಷ್ಟು ಹೊತ್ತು ಹಿಡೀತು ಅಂತ ನೋಡಿ ದೂರ ಹೇಳ್ತಿದ್ದರು. ಸೂರ್ಯನ ಪಕ್ಕದಲ್ಲಿ ಹಾದುಹೋಗೋ ರೇಡಿಯೋ ಅಲೆ ಸ್ವಲ್ಪ ತಡವಾಗುತ್ತೆ ಅಂತ ಇರ್ವಿನ್ ಶಪೀರೋ 1964ರಲ್ಲಿ ತೋರಿಸಿದ್ದರು. ಗ್ರಹವೊಂದು ಸೂರ್ಯನ ಆಚೆ ಬದಿಯಲ್ಲಿದ್ದಾಗ ಹೋಗಿ ಬರೋಕೆ ಸುಮಾರು 200 ಮೈಕ್ರೋಸೆಕೆಂಡ್ ತಡ. ಇದನ್ನು ಬಿಟ್ಟರೆ ದೂರದಲ್ಲಿ ಸುಮಾರು 30 ಕಿಲೋಮೀಟರ್ ತಪ್ಪು. ಮೀಟರ್ ಲೆಕ್ಕದಲ್ಲಿ ಅಳೆಯೋರಿಗೆ ಇದು ಬೆಟ್ಟದಂಥ ತಪ್ಪು.

ಒಂದೇ ದಶಕ, ಒಂದೇ ಬಾಹ್ಯಾಕಾಶ ಸಂಸ್ಥೆಯ ಕೆಲಸ. ಒಂದು ತಂಡ ನ್ಯೂಟನ್ ಅಂತು, ಇನ್ನೊಂದು ಐನ್‌ಸ್ಟೈನ್ ಅಂತು. ಇಬ್ಬರೂ ಸರಿ. ಬೇರೆ ಇದ್ದಿದ್ದು ಅವರು ನಂಬಿದ ವಿಜ್ಞಾನ ಅಲ್ಲ, ಅವರಿಗೆ ತಡೆದುಕೊಳ್ಳೋಕೆ ಆಗ್ತಿದ್ದ ತಪ್ಪಿನ ಅಳತೆ.

ಈಗ ವಾಪಸ್ ಜಿಪಿಎಸ್‌ಗೆ ಬರೋಣ. ಅದರ ಕೆಲಸ ಕೂಡ ಅಳತೆಯೇ. ಉಪಗ್ರಹ, 'ನಾನು ಇಂಥ ಕಡೆ ಇದೀನಿ, ಈಗ ಸಮಯ ಇಷ್ಟು' ಅಂತ ಕೂಗ್ತಾ ಇರುತ್ತೆ. ನಿಮ್ಮ ಫೋನ್ ಆ ಕೂಗು ತಲುಪೋಕೆ ಎಷ್ಟು ಹೊತ್ತಾಯ್ತು ಅಂತ ನೋಡಿ ದೂರ ಕಂಡುಹಿಡಿಯುತ್ತೆ. ಬೆಳಕು ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಹೋಗಿಬಿಡುತ್ತೆ. ಹಾಗಾಗಿ ಇಲ್ಲಿ ಮೈಕ್ರೋಸೆಕೆಂಡ್ ಅನ್ನೋದು ಸಣ್ಣ ವಿಷಯ ಅಲ್ಲ.

ಉಪಗ್ರಹಗಳು ಇರೋದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ಓಡೋದು ಸೆಕೆಂಡಿಗೆ ಸುಮಾರು 3.9 ಕಿಲೋಮೀಟರ್ ವೇಗದಲ್ಲಿ. ವೇಗದ ಕಾರಣಕ್ಕೆ ಅವುಗಳ ಗಡಿಯಾರ ದಿನಕ್ಕೆ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತೆ. ಗುರುತ್ವ ಕಡಿಮೆ ಇರೋ ಕಾರಣಕ್ಕೆ ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ. ಕೂಡಿ ಕಳೆದರೆ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ.

ಇದು ನಿಜಾನಾ ಅಂತ ಅನುಮಾನಪಟ್ಟವರನ್ನು ದಡ್ಡರು ಅಂತ ತಳ್ಳಿಹಾಕೋದು ಬೇಡ. ಗಡಿಯಾರ ಹೊತ್ತು ತಿರುಗಿ ಇದನ್ನು ಪರೀಕ್ಷೆ ಮಾಡಿದ್ದು ಆಗ ತೀರಾ ಹೊಸದು. 1971ರ ಅಕ್ಟೋಬರ್‌ನಲ್ಲಿ ಹಾಫೆಲೆ ಮತ್ತು ಕೀಟಿಂಗ್ ಅನ್ನೋ ಇಬ್ಬರು ಪರಮಾಣು ಗಡಿಯಾರಗಳನ್ನು ಮಾಮೂಲಿ ಪ್ರಯಾಣಿಕರ ವಿಮಾನದಲ್ಲಿ ಇಟ್ಟುಕೊಂಡು ಭೂಮಿ ಸುತ್ತಿದರು, ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ. ಪೂರ್ವಕ್ಕೆ ಹೋದಾಗ 59 ನ್ಯಾನೋಸೆಕೆಂಡ್ ಕಳಕೊಂಡವು, ಪಶ್ಚಿಮಕ್ಕೆ ಹೋದಾಗ 273 ನ್ಯಾನೋಸೆಕೆಂಡ್ ಗಳಿಸಿದವು. ಸಿದ್ಧಾಂತ ಹೇಳಿದ್ದು 40 ಕಳಕೊಳ್ಳುತ್ತೆ, 275 ಗಳಿಸುತ್ತೆ ಅಂತ. ಪಶ್ಚಿಮದ್ದು ಚೆನ್ನಾಗಿ ಹೊಂದಿತು. ಪೂರ್ವದ್ದು ಅಳತೆಯ ಅನಿಶ್ಚಿತತೆಯ ಒಳಗೆ ಹೊಂದಿತು. 1976ರ ಜೂನ್‌ನಲ್ಲಿ ಗ್ರಾವಿಟಿ ಪ್ರೋಬ್ ಎ ಅನ್ನೋ ರಾಕೆಟ್ ಒಂದು ಗಡಿಯಾರವನ್ನು 10,000 ಕಿಲೋಮೀಟರ್ ಎತ್ತರಕ್ಕೆ ಎಸೆದು ಇನ್ನೂ ಎಷ್ಟೋ ನಿಖರವಾಗಿ ಅಳೆಯಿತು. ಆದರೆ ಅದು ಹಾರಿದ್ದು ಹೆಚ್ಚುಕಮ್ಮಿ ಎರಡು ಗಂಟೆ ಅಷ್ಟೇ. ದಿನಗಟ್ಟಲೆ, ವರ್ಷಗಟ್ಟಲೆ ಓಡಬೇಕಾದ ಒಂದು ವ್ಯವಸ್ಥೆಯ ಜವಾಬ್ದಾರಿ ಹೊತ್ತವರು 'ನಮ್ಮ ಗಡಿಯಾರದ ಮೇಲೇ ನೋಡೋಣ' ಅಂದರೆ ಅದರಲ್ಲಿ ತಪ್ಪೇನಿಲ್ಲ.

ನೋಡಿದರು. ಎನ್‌ಟಿಎಸ್-2 ಗಡಿಯಾರವನ್ನು ಸುಮಾರು 20 ದಿನ ತಿದ್ದುಪಡಿ ಇಲ್ಲದೆ ಓಡಲು ಬಿಟ್ಟರು. ಸಿದ್ಧಾಂತ ಹೇಳಿದ್ದು: ಲಕ್ಷ ಕೋಟಿಯಲ್ಲಿ 446.5 ಭಾಗದಷ್ಟು ಜೋರು. ಅಳೆದಾಗ ಸಿಕ್ಕಿದ್ದು: ಲಕ್ಷ ಕೋಟಿಯಲ್ಲಿ 442.5 ಭಾಗ. ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ಕಡಿಮೆ. ಸ್ವಿಚ್ ಆನ್ ಮಾಡಿದರು. ವಾದ ಮುಗೀತು.

ಆಮೇಲಿನ ಉಪಗ್ರಹಗಳಲ್ಲಿ ಸ್ವಿಚ್ಚಿನ ಗೊಡವೆ ಇಲ್ಲ. ಗಡಿಯಾರದ ಮೂಲ ಆವರ್ತನ 10.23 ಮೆಗಾಹರ್ಟ್ಸ್ ಆಗಿರಬೇಕು; ಕಾರ್ಖಾನೆಯಲ್ಲೇ ಅದನ್ನು 10.22999999543 ಅಂತ ಸ್ವಲ್ಪ ನಿಧಾನಕ್ಕೆ ಇಟ್ಟು ಕಳಿಸ್ತಾರೆ. ಮೇಲೆ ಹೋದ ಮೇಲೆ ಅದು ನೆಲದಲ್ಲಿರೋರಿಗೆ ಸರಿಯಾಗಿ 10.23 ಅಂತ ಕಾಣುತ್ತೆ.

ಇಲ್ಲೊಂದು ಮಾತು ಸೇರಿಸಬೇಕು. ಈ ತಿದ್ದುಪಡಿ ಇಲ್ಲದಿದ್ದರೆ ನಿಮ್ಮ ಮ್ಯಾಪ್ ದಿನಕ್ಕೆ 11 ಕಿಲೋಮೀಟರ್ ತಪ್ಪು ತೋರಿಸ್ತಿತ್ತು ಅನ್ನೋ ಸಾಲು ನೀವು ಓದಿರಬಹುದು. 38 ಮೈಕ್ರೋಸೆಕೆಂಡನ್ನು 300 ಮೀಟರಿಂದ ಗುಣಿಸಿದರೆ 11 ಕಿಲೋಮೀಟರ್ ಚಿಲ್ಲರೆ ಬರೋದೇನೋ ಹೌದು. ಆದರೆ ಎಲ್ಲ ಉಪಗ್ರಹಗಳ ಗಡಿಯಾರವೂ ಒಂದೇ ಸಮ ಮುಂದೆ ಓಡಿದರೆ, ಫೋನ್ ಆ ಸಮಾನ ತಪ್ಪನ್ನು ತನ್ನ ಗಡಿಯಾರದ ತಪ್ಪು ಅಂದುಕೊಂಡು ಕಳೆದುಬಿಡುತ್ತೆ. ಫೋನಿನ ಗಡಿಯಾರ ಹೇಗೂ ಸರಿ ಇರಲ್ಲ ಅಂತ ಗೊತ್ತಿದ್ದೇ, ಅದನ್ನೂ ಒಂದು ಅಜ್ಞಾತವಾಗಿ ಹಾಕಿ ನಾಲ್ಕನೇ ಉಪಗ್ರಹದ ಸಹಾಯದಿಂದ ಬಿಡಿಸೋದು. ಹಾಗಾಗಿ ಜಾಗ ಅಷ್ಟು ಬೇಗ ಕೆಡಲ್ಲ. ಕೆಡೋದು ಸಮಯ. ಜಿಪಿಎಸ್ ಹೇಳೋ ಸಮಯವನ್ನೇ ನಂಬಿಕೊಂಡಿರೋ ಟೆಲಿಕಾಂ ಟವರ್‌ಗಳು, ವಿದ್ಯುತ್ ಜಾಲಗಳು, ಷೇರು ಮಾರುಕಟ್ಟೆಗಳು ಬೇಕಾದಷ್ಟಿವೆ.

ಜಾಗ ಕೆಡಿಸೋ ಸಾಪೇಕ್ಷತೆ ಬೇರೆಯೇ ಇದೆ, ಮತ್ತು ಅದನ್ನು ಸರಿ ಮಾಡೋ ಹೊಣೆ ಹಾರ್ಡ್‌ವೇರ್‌ದಲ್ಲ, ಸಾಫ್ಟ್‌ವೇರ್‌ದು. ಉಪಗ್ರಹದ ಕಕ್ಷೆ ಪೂರ್ತಿ ವೃತ್ತ ಅಲ್ಲ, ಸ್ವಲ್ಪ ಮೊಟ್ಟೆಯಾಕಾರ. ಭೂಮಿಗೆ ಹತ್ತಿರ ಬಂದಾಗ ವೇಗ ಜಾಸ್ತಿ, ಗುರುತ್ವವೂ ಜಾಸ್ತಿ, ಗಡಿಯಾರ ನಿಧಾನ. ದೂರ ಹೋದಾಗ ಉಲ್ಟಾ. ಪ್ರತಿ ಉಪಗ್ರಹಕ್ಕೂ ಇದು ಬೇರೆ ಬೇರೆ, ಕ್ಷಣ ಕ್ಷಣಕ್ಕೂ ಬೇರೆ. ಕಕ್ಷೆಯ ಉತ್ಕೇಂದ್ರತೆ 0.01 ಇದ್ದರೆ ಈ ಏರಿಳಿತ ಸುಮಾರು 23 ನ್ಯಾನೋಸೆಕೆಂಡ್, ಅಂದ್ರೆ ಸುಮಾರು 7 ಮೀಟರ್. ಮುಖ್ಯ ರಸ್ತೆಯಲ್ಲಿದೀರೋ ಸರ್ವಿಸ್ ರಸ್ತೆಯಲ್ಲಿದೀರೋ ಅನ್ನೋದು ನಿರ್ಧಾರ ಆಗೋ ಅಂತರ. ಜಿಪಿಎಸ್‌ನ ಅಧಿಕೃತ ದಾಖಲೆಯಲ್ಲಿ ಇದಕ್ಕೊಂದು ಸಣ್ಣ ಸೂತ್ರ ಕೊಟ್ಟು, ಇದನ್ನು ಬಳಕೆದಾರರ ಕಡೆಯ ಉಪಕರಣವೇ ಲೆಕ್ಕ ಹಾಕಬೇಕು ಅಂತ ಹೇಳಿದೆ. ರಿಸೀವರ್ ಸಾಫ್ಟ್‌ವೇರ್ ಬರೆಯೋ ಪ್ರತಿಯೊಬ್ಬರೂ 4.442807633 ಅಂತ ಶುರುವಾಗೋ ಒಂದು ಸ್ಥಿರಾಂಕವನ್ನು ಕೋಡ್‌ನಲ್ಲಿ ಹಾಕ್ತಾರೆ. ಅದು ಐನ್‌ಸ್ಟೈನ್ ಅವರ ಒಂದು ಸಾಲು ಅಷ್ಟೇ. ಸುತ್ತ ಇರೋ ಉಳಿದ ಕಕ್ಷೆಯ ಕೋಡ್ ಬಹುತೇಕ ಕೆಪ್ಲರ್ ಮತ್ತು ನ್ಯೂಟನ್ ಅವರದ್ದೇ.

ಈ ಒಂದು ಸಾಲಿಗೆ ಎಷ್ಟು ಬೆಲೆ ಅಂತ 2014ರಲ್ಲಿ ಯುರೋಪಿಗೆ ಗೊತ್ತಾಯ್ತು. ಅವರ ಗೆಲಿಲಿಯೊ ವ್ಯವಸ್ಥೆಯ ಎರಡು ಉಪಗ್ರಹಗಳು ಆ ಆಗಸ್ಟ್‌ನಲ್ಲಿ ತಪ್ಪು ಕಕ್ಷೆಗೆ ಹೋಗಿಬಿದ್ದವು. ಆಮೇಲೆ ಸ್ವಲ್ಪ ಸರಿಪಡಿಸಿದರೂ ಕಕ್ಷೆ ಮೊಟ್ಟೆಯಾಕಾರವಾಗೇ ಉಳೀತು. ಪ್ರತಿ ಸುತ್ತಿನಲ್ಲೂ ಎತ್ತರ ಸುಮಾರು 8,500 ಕಿಲೋಮೀಟರ್ ಏರಿಳೀತಿತ್ತು. ದಾರಿ ತೋರಿಸೋ ಕೆಲಸಕ್ಕೆ ಇದು ತಲೆನೋವು. ಐನ್‌ಸ್ಟೈನ್ ಹೇಳಿದ್ದನ್ನು ಪರೀಕ್ಷಿಸೋರಿಗೆ ಹಬ್ಬ. ಆ ಎರಡು ಉಪಗ್ರಹಗಳ ಮಾಹಿತಿ ಬಳಸಿ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಅಳತೆ, 1976ರ ಗ್ರಾವಿಟಿ ಪ್ರೋಬ್ ಎ ದಾಖಲೆಯನ್ನು ಮುರಿಯಿತು. ನಾಲ್ಕು ದಶಕ ಯಾರೂ ಮುರಿಯದ ದಾಖಲೆ ಅದು.

ನಮ್ಮ ನಾವಿಕ್ ವ್ಯವಸ್ಥೆಗೂ ಇದೇ ಕಾನೂನು. ಅದರ ಉಪಗ್ರಹಗಳು ಇನ್ನೂ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಲೆಕ್ಕ ಹಾಕಿದರೆ ಅಲ್ಲಿಯ ಗಡಿಯಾರ ದಿನಕ್ಕೆ 46 ಮೈಕ್ರೋಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಮುಂದೆ ಓಡಬೇಕು. ಆ ವ್ಯವಸ್ಥೆಯ ನೆಲದ ಕೇಂದ್ರ ಇರೋದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. ಐನ್‌ಸ್ಟೈನ್ ಲೆಕ್ಕ ನಮ್ಮ ಊರಿನ ಪಕ್ಕದಲ್ಲೇ ದಿನನಿತ್ಯದ ಕೆಲಸ.

ಇಷ್ಟೆಲ್ಲ ಕೇಳಿ, 'ನಾನು ಉಪಗ್ರಹದ ಕೋಡ್ ಬರೆಯಲ್ಲ, ಪೇಮೆಂಟ್ ಆ್ಯಪ್ ಬರೀತೀನಿ, ನನಗೇನು?' ಅಂತ ನಿಮಗೆ ಅನ್ನಿಸಿದರೆ, ಅಲ್ಲೇ ಇರೋದು ಇನ್ನೊಂದು ಕತೆ. ಐನ್‌ಸ್ಟೈನ್ ಅವರಿಂದ ಸಾಫ್ಟ್‌ವೇರ್ ಪಡೆದ ದೊಡ್ಡ ಉಡುಗೊರೆ ಸೂತ್ರ ಅಲ್ಲ, ಒಂದು ಯೋಚನೆ.

1975ರಲ್ಲಿ ಪಾಲ್ ಜಾನ್ಸನ್ ಮತ್ತು ರಾಬರ್ಟ್ ಥಾಮಸ್ ಅನ್ನೋರು ಒಂದು ಟಿಪ್ಪಣಿ ಬರೆದರು. ಒಂದೇ ಡೇಟಾಬೇಸ್‌ನ ಪ್ರತಿಗಳು ನೆಟ್‌ವರ್ಕ್‌ನ ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿದ್ದಾಗ ಅವುಗಳನ್ನು ಹೊಂದಿಸಿ ಇಟ್ಟುಕೊಳ್ಳೋದು ಹೇಗೆ ಅನ್ನೋದು ವಿಷಯ. ಅವರ ಉಪಾಯ: ಪ್ರತಿ ಬದಲಾವಣೆಗೂ ಸಮಯದ ಮೊಹರು ಹೊಡೀರಿ, ಯಾವುದು ಇತ್ತೀಚಿನದೋ ಅದು ಗೆಲ್ಲಲಿ. ಇದನ್ನು ಓದಿದ ಲೆಸ್ಲಿ ಲ್ಯಾಂಪೋರ್ಟ್ ಅವರಿಗೆ ಒಂದು ತೊಡಕು ಕಂಡಿತು. ಎರಡು ಕಂಪ್ಯೂಟರಿನ ಗಡಿಯಾರ ಹೊಂದಿಕೆ ಆಗದಿದ್ದರೆ, ಕಾರಣಕ್ಕಿಂತ ಪರಿಣಾಮಕ್ಕೆ ಹಳೇ ಮೊಹರು ಬೀಳಬಹುದು. ಪ್ರಶ್ನೆಗಿಂತ ಮೊದಲೇ ಉತ್ತರ ಬಂದ ಹಾಗೆ. ತಮಗೆ ಇದು ಹೊಳೆದಿದ್ದು ವಿಶೇಷ ಸಾಪೇಕ್ಷತೆ ಚೆನ್ನಾಗಿ ಗೊತ್ತಿದ್ದರಿಂದ ಅಂತ ಲ್ಯಾಂಪೋರ್ಟ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

ವಿಶೇಷ ಸಾಪೇಕ್ಷತೆ ಹೇಳೋದು ಏನು? ದೂರ ದೂರದ ಎರಡು ಘಟನೆಗಳಲ್ಲಿ ಯಾವುದು ಮೊದಲು ಅನ್ನೋದಕ್ಕೆ ಎಲ್ಲರೂ ಒಪ್ಪೋ ಉತ್ತರ ಯಾವಾಗಲೂ ಇರಲ್ಲ. ಒಂದರಿಂದ ಇನ್ನೊಂದಕ್ಕೆ ಬೆಳಕಿನ ಸಂಕೇತ ತಲುಪೋಕೆ ಸಾಧ್ಯ ಇದ್ದರೆ ಮಾತ್ರ ಮೊದಲು, ಆಮೇಲೆ ಅನ್ನೋದಕ್ಕೆ ಗಟ್ಟಿ ಅರ್ಥ. ಲ್ಯಾಂಪೋರ್ಟ್ ಬೆಳಕಿನ ಸಂಕೇತದ ಜಾಗದಲ್ಲಿ ಕಂಪ್ಯೂಟರ್‌ಗಳು ಕಳಿಸೋ ಮೆಸೇಜ್ ಇಟ್ಟರು. ಒಂದು ಘಟನೆಯಿಂದ ಇನ್ನೊಂದಕ್ಕೆ ಮೆಸೇಜ್‌ಗಳ ಸರಪಳಿ ಇದ್ದರೆ ಅದು ಮೊದಲು, ಇದು ಆಮೇಲೆ. ಇಲ್ಲದಿದ್ದರೆ ಎರಡೂ ಏಕಕಾಲದ್ದು, ಗೋಡೆಯ ಗಡಿಯಾರ ಏನೇ ಹೇಳಲಿ. ಪ್ರತಿ ಕಂಪ್ಯೂಟರಿಗೂ ಒಂದು ಎಣಿಕೆ. ಏನಾದರೂ ನಡೆದಾಗ ಒಂದು ಕೂಡಿಸಿ, ಮೆಸೇಜ್ ಜೊತೆ ಆ ಸಂಖ್ಯೆ ಕಳಿಸಿ, ಬಂದ ಸಂಖ್ಯೆ ನಿಮ್ಮದಕ್ಕಿಂತ ದೊಡ್ಡದಿದ್ದರೆ ಅದನ್ನೂ ದಾಟಿ ಮುಂದೆ ಹೋಗಿ. ಇಷ್ಟೇ. 1978ರ ಜುಲೈನಲ್ಲಿ ಪ್ರಕಟವಾದ ಆ ಲೇಖನ ಕಂಪ್ಯೂಟರ್ ವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖವಾದವುಗಳಲ್ಲಿ ಒಂದು. ಲ್ಯಾಂಪೋರ್ಟ್ ಅವರಿಗೆ ಆಮೇಲೆ 2013ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿಯೂ ಬಂತು.

ಇಲ್ಲಿ ಯಾವ ಕಂಪ್ಯೂಟರೂ ಬೆಳಕಿನ ವೇಗದ ಹತ್ತಿರ ಓಡ್ತಿಲ್ಲ, ಗಮನಿಸಿ. ಭೌತಶಾಸ್ತ್ರದ ಲೆಕ್ಕದಲ್ಲಿ ಪೂರ್ತಿ ನ್ಯೂಟನ್ ಸಾಕಾಗೋ ಜಾಗ ಇದು. ಆದರೂ ನ್ಯೂಟನ್ನನ 'ಎಲ್ಲರಿಗೂ ಒಂದೇ ಈಗ' ಅನ್ನೋ ನಂಬಿಕೆ ಕೋಡ್ ಕೆಡಿಸುತ್ತೆ. ಯಾಕಂದ್ರೆ ಸುದ್ದಿ ತಲುಪೋಕೆ ಹೊತ್ತು ಹಿಡಿಯುತ್ತೆ. ಗ್ರೇಸ್ ಹಾಪರ್ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿ ತುಂಡುಗಳನ್ನು ಹಂಚಿ, ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಹೋಗೋದು ಇಷ್ಟೇ ದೂರ ಅಂತ ತೋರಿಸ್ತಿದ್ದರು. ಫೈಬರ್ ಕೇಬಲಿನೊಳಗೆ ಬೆಳಕು ಇನ್ನೂ ನಿಧಾನ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿಂದ 13,000 ಕಿಲೋಮೀಟರ್ ಆಚೆ ಇರೋ ಅಮೆರಿಕದ ಪೂರ್ವ ಕರಾವಳಿಯ ಸರ್ವರ್‌ಗೆ ಒಂದು ಸುದ್ದಿ ಹೋಗೋಕೆ, ಕೇಬಲ್ ನೇರ ಇದ್ದರೂ, ಕನಿಷ್ಠ 65 ಮಿಲಿಸೆಕೆಂಡ್. ಯಾವ ಮ್ಯಾನೇಜರ್ ಎಷ್ಟೇ ಒತ್ತಡ ಹಾಕಿದರೂ ಈ ಸಂಖ್ಯೆ ಇಳಿಯಲ್ಲ. ಆ 65 ಮಿಲಿಸೆಕೆಂಡಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಅದೇ ಕೊನೇ ಟಿಕೆಟ್ ಬುಕ್ ಮಾಡಿದರೆ, ಮೊದಲು ಯಾರು?

ಇದಕ್ಕೆ ಗೂಗಲ್ ಕೊಟ್ಟ ಉತ್ತರ 2012ರಲ್ಲಿ ಹೊರಬಂತು, ಸ್ಪ್ಯಾನರ್ ಅನ್ನೋ ಡೇಟಾಬೇಸ್. ಅದರಲ್ಲಿ ಈಗ ಸಮಯ ಎಷ್ಟು ಅಂತ ಕೇಳಿದರೆ ಒಂದು ಸಂಖ್ಯೆ ಬರಲ್ಲ, ಎರಡು ಬರುತ್ತೆ: ಈಗ ಅನ್ನೋದು ಇದಕ್ಕಿಂತ ಹಿಂದಿಲ್ಲ, ಅದಕ್ಕಿಂತ ಮುಂದಿಲ್ಲ. ಆಗ ಅವರು ಹೇಳಿದ ಅನಿಶ್ಚಿತತೆ ಹೆಚ್ಚುಕಮ್ಮಿ 1ರಿಂದ 7 ಮಿಲಿಸೆಕೆಂಡ್. ಒಂದು ವ್ಯವಹಾರವನ್ನು ಖಾತ್ರಿ ಮಾಡೋ ಮೊದಲು ಆ ಅನಿಶ್ಚಿತತೆ ಕಳೆಯೋ ತನಕ ಡೇಟಾಬೇಸ್ ಸುಮ್ಮನೆ ಕಾಯುತ್ತೆ. ಇಷ್ಟು ಸಣ್ಣ ಅನಿಶ್ಚಿತತೆ ಸಿಕ್ಕಿದ್ದು ಹೇಗೆ? ಡೇಟಾ ಸೆಂಟರ್‌ಗಳಲ್ಲಿ ಪರಮಾಣು ಗಡಿಯಾರಗಳನ್ನು, ಜಿಪಿಎಸ್ ರಿಸೀವರ್‌ಗಳನ್ನು ಇಟ್ಟು. ಅದೇ 10.22999999543 ಗಡಿಯಾರಗಳ ಜಿಪಿಎಸ್! ಮೇಲೆ ಐನ್‌ಸ್ಟೈನ್ ಲೆಕ್ಕ ಸರಿಯಾಗಿ ಮಾಡಿದ್ದರಿಂದಲೇ ಕೆಳಗೆ ನಾವು ಬಹುಮಟ್ಟಿಗೆ ನ್ಯೂಟನ್ನನ ಒಂದೇ ಸಮಯದಲ್ಲಿ ಬದುಕೋಕೆ ಆಗ್ತಿದೆ. ನ್ಯೂಟನ್ನನ ಸಮಯ ಪುಕ್ಕಟೆ ಸಿಕ್ಕಿದ್ದಲ್ಲ, ಯಾರೋ ಕಷ್ಟಪಟ್ಟು ಕಟ್ಟಿ ಕೊಟ್ಟಿದ್ದು.

ಈ ಕತೆ ಇನ್ನೂ ಮುಗಿದಿಲ್ಲ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ಕಾರ, ಚಂದ್ರನಿಗೆ ಅಂತಲೇ ಒಂದು ಪ್ರಮಾಣ ಸಮಯ ರೂಪಿಸಿ ಅಂತ ನಾಸಾಗೆ ಹೇಳಿತು. ಚಂದ್ರನ ಮೇಲೆ ಗಡಿಯಾರ ದಿನಕ್ಕೆ 56ರಿಂದ 59 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ. ಅಪೋಲೋ ಕಾಲದಲ್ಲಿ ಇದು ಯಾರಿಗೂ ಬೇಕಿರಲಿಲ್ಲ, ಹೋಗಿ ಕೆಲವು ದಿನ ಇದ್ದು ಬರೋದಿತ್ತು. ಅಲ್ಲೇ ಉಳಿದು, ದಾರಿ ತೋರಿಸೋ ಉಪಗ್ರಹ ಹಾಕಿ, ಎರಡು ನೌಕೆ ಒಂದೇ ಜಾಗಕ್ಕೆ ಇಳಿಸೋ ಯೋಚನೆ ಇರೋರಿಗೆ ಬೇಕು. ಚಂದ್ರ ಅದೇ, ಭೌತಶಾಸ್ತ್ರ ಅದೇ. ಬೇರೆಯಾಗಿದ್ದು ನಮ್ಮ ಕೆಲಸ, ಅದರ ಜೊತೆ ನಾವು ಸಹಿಸಬಹುದಾದ ತಪ್ಪು.

ಹಾಗಾಗಿ ನ್ಯೂಟನ್ ಸಾಕಾ ಅನ್ನೋ ಪ್ರಶ್ನೆಗೆ ಉತ್ತರ ಕೊಡೋದು ಸಿದ್ಧಾಂತ ಅಲ್ಲ, ಒಂದು ಸಂಖ್ಯೆ. ಬಿಟ್ಟರೆ ಎಷ್ಟು ತಪ್ಪಾಗುತ್ತೆ, ಎಷ್ಟು ತಪ್ಪಾದರೆ ನಡೆಯುತ್ತೆ, ಎರಡನ್ನೂ ಪಕ್ಕಪಕ್ಕ ಬರೆಯಿರಿ. ಅಪೋಲೋದವರು ಬರೆದರು, ಬಿಟ್ಟರು. ಗ್ರಹಗಳಿಗೆ ನೌಕೆ ಕಳಿಸಿದವರು ಬರೆದರು, ಸೇರಿಸಿದರು. ಬರೆಯದೇ ಇರೋರೂ ಒಂದು ಆಯ್ಕೆ ಮಾಡಿರ್ತಾರೆ, ಗೊತ್ತಿಲ್ಲದೆ. ಕೋಡ್‌ನಲ್ಲಿ ಸಿಸ್ಟಂ ಸಮಯ ಕೇಳೋ ಆ ಒಂದು ಸಾಲು ಬರೆದಾಗೆಲ್ಲ, ಇಡೀ ಜಗತ್ತಿಗೆ ಈಗ ಅನ್ನೋದು ಒಂದೇ ಅನ್ನೋ 1687ರ ನಂಬಿಕೆಗೆ ಸಹಿ ಹಾಕಿರ್ತೀವಿ. ಬಹಳಷ್ಟು ಸಲ ಅದು ಸರಿಯೇ ಇರುತ್ತೆ. ಸರಿ ಇಲ್ಲದಿರೋ ಸಲಕ್ಕೆ, ಎನ್‌ಟಿಎಸ್-2 ತಂಡದ ಹಾಗೆ ಒಂದು ಸ್ವಿಚ್ ಇಟ್ಟು, ಇಪ್ಪತ್ತು ದಿನ ಅಳೆದು ನೋಡೋ ತಾಳ್ಮೆ ಇದ್ದರೆ ಸಾಕು.